ಮೊದಲ ಕಾದಂಬರಿಗೊಂದು ಲೆಕ್ಕದ ಪುಸ್ತಕ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠವೊಂದುಂಟು: ನೀರಿನ ಉಷ್ಣತೆಯನ್ನು ಬೆರಳಿಟ್ಟು ಹೇಳಬಾರದು, ಉಷ್ಣಮಾಪಕವನ್ನು ನೋಡಿ ಹೇಳಬೇಕು, ಕಂಡುದನ್ನು ಆಗಲೇ ಬರೆದಿಡಬೇಕು. ಅದೇ ವಿದ್ಯಾರ್ಥಿಗಳು ಸಂಜೆ ಮನೆಯಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಬರೆಯಲು ಕುಳಿತಾಗ ಈ ಪಾಠವನ್ನು ಮರೆತುಬಿಡುತ್ತಾರೆ. ‘ಇಂದು ಚೆನ್ನಾಗಿ ಸಾಗಿತು’, ‘ಇಂದು ಏನೂ ಆಗಲಿಲ್ಲ’ ಎಂದು ಮನಸ್ಸನ್ನೇ ಮಾಪಕವಾಗಿ ಮಾಡಿಕೊಳ್ಳುತ್ತಾರೆ. ಎಷ್ಟೋ ಕಾದಂಬರಿಗಳು ಮೂರನೆಯ ಅಧ್ಯಾಯದಲ್ಲಿಯೇ ನಿಂತುಹೋಗುವುದಕ್ಕೆ ಪ್ರತಿಭೆಯ ಕೊರತೆಗಿಂತ ಈ ತಪ್ಪು ಅಳತೆಯೇ ಹೆಚ್ಚಿನ ಕಾರಣವೆಂದು ನಾವು ನಂಬುತ್ತೇವೆ.

ಮನಸ್ಸು ಎಷ್ಟು ಚಂಚಲವಾದ ಉಪಕರಣವೆಂಬುದಕ್ಕೆ ಅಮೆರಿಕದ ಜಾನ್ ಸ್ಟೈನ್‌ಬೆಕ್ ಸಾಕ್ಷಿ. 1938ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು ಬರೆಯುತ್ತಿದ್ದಾಗ ಅವರು ಜೊತೆಗೊಂದು ದಿನಚರಿಯನ್ನೂ ಇಟ್ಟಿದ್ದರು. ತಮ್ಮ ಶಕ್ತಿ ಸಾಲದೆಂಬ ಅಳುಕು ಅದರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆದರೂ ದಿನದ ಪಾಲನ್ನು ಬರೆಯುತ್ತ ಹೋಗಿ, ಸುಮಾರು ಐದು ತಿಂಗಳಲ್ಲಿ ಮುಗಿಸಿದರು. 1939ರಲ್ಲಿ ಪ್ರಕಟವಾದ ಆ ಕೃತಿಗೆ ಮರುವರ್ಷ ಪುಲಿಟ್ಜರ್ ಬಹುಮಾನ ದೊರೆಯಿತು. ಅದು ಅವರ ಮೊದಲ ಕಾದಂಬರಿಯೂ ಅಲ್ಲ. ನುರಿತವರಿಗೇ ಹೀಗಾದರೆ ಹೊಸಬರ ಪಾಡೇನು!

ಇಂಗ್ಲೆಂಡಿನ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದವರು. ಬೆಳಗಿನ ಜಾವದಲ್ಲಿ ಎದ್ದು, ಗಡಿಯಾರವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರು. ಹೊಸ ಕೃತಿಯನ್ನು ಆರಂಭಿಸುವಾಗ ವಾರಗಳಾಗಿ ಗೆರೆ ಹಾಕಿದ ಪುಸ್ತಕವೊಂದನ್ನು ಸಿದ್ಧಪಡಿಸಿ, ಪ್ರತಿದಿನ ಬರೆದ ಪುಟಗಳನ್ನು ಅದರಲ್ಲಿ ನಮೂದಿಸುತ್ತಿದ್ದರು. ಪುಟವೊಂದಕ್ಕೆ 250 ಪದಗಳು. ಸಾಮಾನ್ಯವಾಗಿ ವಾರಕ್ಕೆ 40 ಪುಟಗಳು. ಹೀಗೆ ಅವರು 47 ಕಾದಂಬರಿಗಳನ್ನು ಬರೆದರು.

ಇದು ಒಬ್ಬಿಬ್ಬರ ಅನುಭವ ಮಾತ್ರವಲ್ಲ. ಸಾಧನೆಯ ಪ್ರಗತಿಯನ್ನು ಗಮನಿಸುವುದರ ಬಗ್ಗೆ ನಡೆದ 138 ಅಧ್ಯಯನಗಳನ್ನು ಮನೋವಿಜ್ಞಾನಿಗಳು 2016ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಹೀಗೆ ಗಮನಿಸುವುದರಿಂದ ಗುರಿ ಮುಟ್ಟುವ ಸಂಭವ ಹೆಚ್ಚುತ್ತದೆ. ಬರೆದಿಟ್ಟರೆ, ಇತರರಿಗೂ ತಿಳಿಸಿದರೆ, ಪರಿಣಾಮ ಇನ್ನೂ ಹೆಚ್ಚು ಎಂದು ಕಂಡುಬಂದಿತು.

ಆದರೆ ಇಂಗ್ಲಿಷಿನ ಪದಗಣನೆಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಾರದು. ‘ಬರೆಯಬೇಕಾಗಿದ್ದುದರಿಂದ’ ಎಂಬುದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕಾರು ಪದಗಳು ಬೇಕು. ಕನ್ನಡದ ಲೇಖಕರಿಗೆ ಪುಟದ ಲೆಕ್ಕವೇ ಸರಿಯಾದುದು. ದಿನಕ್ಕೆ ಒಂದು ಪುಟ, ವಾರಕ್ಕೆ ಐದು ದಿನ, 50 ವಾರಗಳೆಂದರೆ 250 ಪುಟಗಳಾದುವು. ಓದಿಗೂ ಪರೀಕ್ಷೆಗೂ ಇದರಿಂದ ಭಂಗವಿಲ್ಲ.

ಗುರಿ ದೂರವಿದ್ದಷ್ಟೂ ಉತ್ಸಾಹ ಕುಂದುವುದು ಸಹಜ. ಆಹಾರ ಸಮೀಪಿಸಿದಂತೆ ಇಲಿಯ ಓಟ ಚುರುಕಾಗುತ್ತದೆಂದು 1932ರಲ್ಲಿ ಅಮೆರಿಕದ ಕ್ಲಾರ್ಕ್ ಹಲ್ ಪ್ರತಿಪಾದಿಸಿದರು. ಮನುಷ್ಯರೂ ಇದಕ್ಕೆ ಹೊರತಲ್ಲ. ಆದುದರಿಂದ 250 ಪುಟಗಳ ಕೊನೆಯನ್ನು ನೋಡದೆ, ಹತ್ತು ಪುಟಗಳ ಪ್ರಕರಣದ ಕೊನೆಯನ್ನು ನೋಡುವುದು ಲೇಸು.

ಕಲೆಯೇನು ಕಿರಾಣಿ ಅಂಗಡಿಯ ಲೆಕ್ಕವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯಲ್ಲಿ ಅರ್ಥವಿದೆ. ಪುಟದ ಸಂಖ್ಯೆ ಕೆಲಸದ ಪ್ರಮಾಣವನ್ನು ಹೇಳುತ್ತದೆ, ಗುಣವನ್ನು ಹೇಳದು. ತಕ್ಕಡಿಯು ಚಿನ್ನದ ತೂಕವನ್ನು ಹೇಳುವುದೇ ಹೊರತು ಒಡವೆಯ ಅಂದವನ್ನಲ್ಲ. ಸಂಖ್ಯೆಯನ್ನು ತುಂಬಿಸಲೆಂದೇ ಬರೆದ ಪುಟ ಮೋಸದ ಪುಟ. ಗುಣವನ್ನು ತೂಗಿ ನೋಡಲು ತಿದ್ದುವ ಕಾಲವುಂಟು. ಆದರೆ ಬರೆಯದ ಪುಟವನ್ನು ತಿದ್ದುವವರಾರು?

ಬರೆಯದೆ ಹೋದ ದಿನದ ಸೊನ್ನೆಯನ್ನೂ ಅಂಜದೆ ನಮೂದಿಸಬೇಕು. ಅಭ್ಯಾಸಗಳು ಬೇರೂರುವ ಬಗೆಯನ್ನು ಕುರಿತು ಲಂಡನ್ನಿನಲ್ಲಿ 96 ಜನರೊಡನೆ ನಡೆಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಅಲ್ಲಿ ಪರೀಕ್ಷಿಸಿದ್ದು ಹಣ್ಣು ತಿನ್ನುವಂತಹ ಸರಳ ಅಭ್ಯಾಸಗಳನ್ನು. ಆದರೂ ಸಮಾಧಾನಕ್ಕೆ ಅಷ್ಟು ಸಾಕು. ಒಂದು ಸೊನ್ನೆಯಿಂದ ಪ್ರಯೋಗ ಕೆಡುವುದಿಲ್ಲ. ಸೊನ್ನೆಯನ್ನು ಅಳಿಸಿ ಒಂದೆಂದು ಬರೆದರೆ ಕೆಡುತ್ತದೆ.

ಗೆರೆ ಹಾಕಿದ ಒಂದು ನೋಟುಪುಸ್ತಕ, ದಿನಾಂಕ, ಪುಟದ ಸಂಖ್ಯೆ: ಬೇಕಾದುದು ಇಷ್ಟೇ. ಬೇಸರದ ಸಂಜೆ ‘ನನ್ನಿಂದಾಗದು’ ಎಂದು ಮನಸ್ಸು ಹೇಳಿದಾಗ ಆ ಪುಸ್ತಕವನ್ನು ತೆರೆದು ನೋಡಲಿ. ಅಲ್ಲಿ ಅರುವತ್ತು ಪುಟಗಳ ಲೆಕ್ಕವಿದ್ದರೆ, ಅರುವತ್ತೊಂದನೆಯದೂ ಆದೀತೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.