ಓದಿದ್ದು ತಿಳಿಯಿತೆ?

ಮಗುವು ಪಾಠವನ್ನು ತಡೆಯಿಲ್ಲದೆ ಓದಿತೆಂದು ಹಿಗ್ಗುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಪುಸ್ತಕವನ್ನು ಮುಚ್ಚಿ, “ಮಗೂ, ಈಗ ಓದಿದುದರಲ್ಲಿ ಏನು ನಡೆಯಿತು?” ಎಂದೊಮ್ಮೆ ಕೇಳಿರಿ. ಉತ್ತರ ಬಾರದಿದ್ದರೆ ಮಗುವನ್ನು ಗದರಿಸತಕ್ಕದ್ದಲ್ಲ. ಅದರ ಕೈಗಿತ್ತ ಪುಸ್ತಕವನ್ನೇ ಮೊದಲು ಪರೀಕ್ಷಿಸತಕ್ಕದ್ದು.

ಇದು ಒಂದೆರಡು ಮನೆಗಳ ಮಾತಲ್ಲ. 2024ರ ‘ಅಸರ್’ ವರದಿಯಂತೆ, ನಮ್ಮ ದೇಶದ ಹಳ್ಳಿಗಳ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು 27 ಮಂದಿ ಮಾತ್ರ. ಅಕ್ಷರ ಕೂಡಿಸುವುದರಲ್ಲಿಯೇ ಮನಸ್ಸು ದಣಿದರೆ ಅರ್ಥವನ್ನು ಗ್ರಹಿಸಲು ಉಳಿಯುವುದೇನು?

ಆದುದರಿಂದ ಉಪಾಧ್ಯಾಯರೂ ತಾಯಿತಂದೆಗಳೂ ಪುಸ್ತಕವನ್ನಾರಿಸುವಾಗ ತರಗತಿಯ ಅಂಕೆಯನ್ನಲ್ಲ, ಮಗುವಿನ ಶಕ್ತಿಯನ್ನು ನೋಡಬೇಕು. ಒತ್ತಕ್ಷರಗಳಲ್ಲಿ ತಡವರಿಸುವ ಮಗುವಿಗೆ ಚಿಕ್ಕ ವಾಕ್ಯಗಳ ಕಥೆಯೇ ಹಿತ. 2004ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ತನ್ನ ಕಥೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿರುವುದು ಈ ಕಾರ್ಯಕ್ಕೆ ಬಹಳ ಅನುಕೂಲ.

ಪಾಠದ ಕೊನೆಯ ಪ್ರಶ್ನೆಗಳನ್ನೂ ನೋಡಿರಿ. “ರಾಜನ ಹೆಸರೇನು?” ಎಂಬಂಥವೇ ತುಂಬಿದ್ದರೆ ಸಾಲದು, ಅರ್ಥವರಿಯದ ಮಗುವೂ ಸಾಲನ್ನು ಹುಡುಕಿ ಉತ್ತರ ಬರೆದೀತು. “ಅವನು ಹಾಗೇಕೆ ಮಾಡಿದನು? ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂಬ ಪ್ರಶ್ನೆಗಳೂ ಇರಬೇಕು. ಇಲ್ಲದಿದ್ದರೆ ನೀವೇ ಕೇಳಿರಿ. ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ರಾತ್ರಿ ಊಟವಾದ ಮೇಲೆ ಮಗುವು ತಾನೋದಿದ ಕಥೆಯನ್ನು ತನ್ನದೇ ಮಾತುಗಳಲ್ಲಿ ಅಜ್ಜಿಗೆ ಹೇಳಿತೆಂದರೆ, ಆ ಪುಸ್ತಕಕ್ಕೆ ಕೊಟ್ಟ ಹಣ ಸಾರ್ಥಕವಾಯಿತೆಂದು ನಾವು ಎಣಿಸುತ್ತೇವೆ.