ಧ್ವನಿಯನ್ನು ಉಳಿಸುವ ಬಗೆ

ಅಜ್ಜಿಯ ಹಾಡನ್ನು ಧ್ವನಿಮುದ್ರಿಸಿ, ಆಡಾಸಿಟಿಯಂತಹ ತಂತ್ರಾಂಶದಲ್ಲಿ ತಿದ್ದುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಆದರೆ ಕೇಳುವ ಏರ್ಪಾಟು ಬೇರೆ, ಉಳಿಸುವ ಏರ್ಪಾಟು ಬೇರೆ ಎಂಬುದನ್ನು ಅವರು ಮರೆಯುತ್ತಾರೆ. ಸ್ಪೀಕರನ್ನು ಬದಲಿಸಿದರೂ, ಕೇಳುವ ಮಟ್ಟವನ್ನು ತಗ್ಗಿಸಿದರೂ ಮೂಲಕ್ಕೆ ಕುಂದಿಲ್ಲ. ಕಡತವಾಗಿ ಉಳಿಸುವಾಗ ಕಳೆದುದಾದರೋ ಹಿಂದಿರುಗಲಾರದು.

ಕಾರಣವು ಸರಳವಾಗಿದೆ. ಗಣಕಯಂತ್ರವು ಧ್ವನಿತರಂಗವನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಆ ಅಳತೆಗಳ ಸಂಖ್ಯೆಯ ಅರ್ಧವನ್ನು ಮೀರಿದ ಆವೃತ್ತಿಯು ಅದರಲ್ಲಿ ನಿಲ್ಲದು. 8,000 ಅಳತೆಗಳನ್ನು ಆರಿಸಿದರೆ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಹೋಯಿತು. ‘ಸ’ಕಾರದ ಸೀತ್ಕಾರವು ಬಹುಪಾಲು ಇರುವುದು ಅಲ್ಲಿಯೇ. ಮನುಷ್ಯನ ಕಿವಿಯ ಮೇರೆ ಸುಮಾರು 20,000 ಹರ್ಟ್ಸ್. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ 44,100 ಅಳತೆಗಳು ಅದಕ್ಕೆ ಸಾಕು. 1,92,000 ಆರಿಸಿದರೆ ಕೇಳುವ ಕಿವಿಗೆ ಲಾಭವಿಲ್ಲ, ಕಡತವಷ್ಟೇ ಉಬ್ಬುತ್ತದೆ.

ಎಂ.ಪಿ.3 ಕಡತವು ಚಿಕ್ಕದಾಗುವುದು, ಕಿವಿಯು ಗಮನಿಸದೆಂದು ಎಣಿಸಿದ ಅಂಶಗಳನ್ನು ಕೈಬಿಡುವುದರಿಂದ. ಅದನ್ನು ತೆರೆದು ತಿದ್ದಿ ಮತ್ತೆ ಎಂ.ಪಿ.3 ಆಗಿಯೇ ಉಳಿಸಿದಂತೆಲ್ಲ ನಷ್ಟವು ಬೆಳೆಯುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಮೊದಲು ವೇವ್ ಇಲ್ಲವೆ ಫ್ಲ್ಯಾಕ್ ರೂಪದಲ್ಲಿ ಒಂದು ಮೂಲಪ್ರತಿ, ಬಳಿಕ, ಹಂಚುವುದಕ್ಕೆ ಎಂ.ಪಿ.3. ಸಿ.ಡಿ. ಮಟ್ಟದ ಸ್ಟೀರಿಯೋ ವೇವ್ ಕಡತಕ್ಕೆ ನಿಮಿಷವೊಂದಕ್ಕೆ ಸುಮಾರು 10 ಮೆಗಾಬೈಟು ಬೇಕು. ಅಷ್ಟು ಜಾಗ ಇಂದು ಅಗ್ಗ. ಅಜ್ಜಿಯ ಕಂಠ ಮತ್ತೆ ದೊರೆಯದು.