ಹತ್ತು ನಿಮಿಷದ ನೂಡಲ್ಸಿಗೆ ಹೆಚ್ಚಿ ಕೊಡವ್ರು ಯಾರ್ರಿ?

ಜಪಾನಿನ ಯಾಕಿಸೋಬಾ ಮಾಡೂ ವಿಡಿಯೋ ಈಗ ಎಲ್ಲಾರ ಫೋನಿನ್ಯಾಗೂ ಬರ್ಲಿಕ್ಕೆ ಹತ್ಯಾವ. "ಕೆಲಸದಿಂದ ಬಂದು ಬರೇ ಹತ್ತು ನಿಮಿಷದಾಗ ರಾತ್ರಿ ಊಟ" ಅಂತಾರ. ನೋಡಿದ್ರ ಕೋಸು ಹೆಚ್ಚಿಟ್ಟದ, ಗಜ್ಜರಿ ಕಡ್ಡಿಹಂಗ ಸೀಳಿಟ್ಟದ, ನೂಡಲ್ಸ್ ಕುದಿಸಿ, ಬಸಿದು, ಎಣ್ಣಿ ಸವರಿಟ್ಟದ, ಸಾಸ್ ಬಟ್ಟಲದಾಗ ತಯಾರ ಅದ. ಅಲ್ಲಿಂದ ಮುಂದ ಗಡಿಯಾರ ಶುರು! ಹಂಗ ನೋಡಿದ್ರ ಹೋಳಗಿನೂ ಎರಡು ನಿಮಿಷದ ಅಡಗಿನ. ಹೂರಣ ರುಬ್ಬಿ, ಕಣಕ ನಾದಿ ಇಟ್ಟಿದ್ರ ಬೇಯಿಸ್ಲಿಕ್ಕೆ ಎಷ್ಟೊತ್ತು ಬೇಕು?

ನನ್ನ ಸಿಟ್ಟು ನೂಡಲ್ಸ್ ಮ್ಯಾಲೆ ಅಲ್ಲ, ಈ ಲೆಕ್ಕದ ಮ್ಯಾಲೆ. ಇದರಾಗ ಈಳಗಿ ಮುಂದ ಕೂತ ಹೊತ್ತಿಲ್ಲ, ಪಾತ್ರಿ ತಿಕ್ಕೂ ಹೊತ್ತಿಲ್ಲ. ಆಮ್ಯಾಲೆ ಮನ್ಯಾಗ "ನೂಡಲ್ಸಿಗೆ ಇಷ್ಟೊತ್ತು ಯಾಕ?" ಅಂತ ಕೇಳಿದ್ರ ತಪ್ಪು ಯಾರದು ಅನ್ನಸ್ತದ ಹೇಳ್ರಿ? ಮಾಡಾಕೀದು!

ಹುಟ್ಟಿದ ದೇಶದಾಗ ಯಾಕಿಸೋಬಾ ಲಗೂನ ಆಗೂದು ಖರೇ ಅದ, ಆದ್ರ ಕಾರಣ ಬ್ಯಾರೆ. ಹೆಸರಿನಾಗ ಸೋಬಾ ಅಂತಿದ್ರೂ ಅದು ಬಕ್‌ವ್ಹೀಟಿನ ಸೋಬಾ ಅಲ್ಲ. ಗೋಧಿಹಿಟ್ಟಿನ ಚೀನೀ ನಮೂನಿ ಎಳಿ. ಅದನ್ನ ಕಾರ್ಖಾನಿಯಾಗ ಮೊದಲ ಹಬಿಯಾಗ ಬೇಯಿಸಿರ್ತಾರ. ಮಾರುಚಾನ್ ಹೆಸರಿನ ಮೂರು ಮಂದಿಯ ಪಾಕೀಟು 1975ರಿಂದ ಅಲ್ಲಿ ಅಂಗಡ್ಯಾಗ ಸಿಗ್ತದ, ಒಳಗ ಸಾಸಿನ ಪುಡಿನೂ ಇರ್ತದ. ಬಾಣಲಿಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಎಳಿ ಬಿಡಿಸಿದ್ರ ಆತು. ಮಾಂಸ ಅಂಗಡಿಯವ್ರು ತೆಳ್ಳಗ ಕೊಯ್ದು ಕೊಟ್ಟಿರ್ತಾರ. ಉದ್ದ ಮೊಳಕಿಗೆ ಹೆಚ್ಚೂ ಕೆಲಸನ ಇಲ್ಲ. ಅಂದ್ರ ಅರ್ಧ ಕೆಲಸ ಮನಿ ಹೊರಗ ಮುಗದಿರ್ತದ.

ನಮ್ಮ ಸುಸಲಾನೂ ಹಂಗ ಅಲ್ಲೇನ್ರಿ? ಚುರಮರಿ ಭಟ್ಟಿಯಾಗ ಹುರದು ಬಂದಿರ್ತದ, ಅದಕ್ಕ ಲಗೂ ಆಗ್ತದ. ಭತ್ತದಿಂದ ಶುರು ಮಾಡಿ ಸುಸಲಾ ಮಾಡು ಅಂತ ಯಾರೂ ಹೇಳಂಗಿಲ್ಲ. ನೂಡಲ್ಸಿಗೆ ಮಾತ್ರ ಒಣ ಎಳಿ ಕುದಿಸೂದರಿಂದ ಶುರು ಮಾಡಿ, ಐದಾರು ನಮೂನಿ ಕಾಯಿಪಲ್ಯ ಸೀಳಿ, ಹತ್ತು ನಿಮಿಷದಾಗ ಮುಗಸ್ಬೇಕು!

"ಮನಿಮಂದಿಗೆ ಮಾಡೂವಾಗ ಹೊತ್ತು ಎಣಿಸಬಾರದು" ಅಂತ ಹಿರಿಯರು ಕೆಲವ್ರು ಅಂತಾರ. ಎಣಿಸಬ್ಯಾಡ್ರಿ, ಆದ್ರ ಕಡಿಮಿ ಮಾಡಿ ಹೇಳಬ್ಯಾಡ್ರಿ. ದಿನಾ ಎಂಟು ತಾಸು ಹೊರಗ ದುಡದು ಬಂದಾಕಿಗೆ ಅರ್ಧಾ ತಾಸು ಅಂದ್ರ ಸಣ್ಣ ಮಾತಲ್ಲ.

ಹಂಗಂತ ಮಾಡೂದ ಬ್ಯಾಡ ಅನ್ನೂದಿಲ್ಲ. ಐದಾರು ಕಾಯಿಪಲ್ಯ ಬಿಡ್ರಿ, ಎರಡು ಸಾಕು. ಕೋಸಿನ ಎಲಿ ಕೈಲೆ ಹರೀರಿ, ಅರಿವ್ಯಾಗ ಕಟ್ಟಿದ ಹೆಸರಕಾಳಿನ ಮೊಳಕಿ ಹಾಕ್ರಿ. ನಾಲ್ಕು ಮಂದಿಗೆ 300 ಗ್ರಾಂ ಒಣ ನೂಡಲ್ಸ್ ಸಾಕು. ಸ್ವಲ್ಪ ಗಟ್ಟಿ ಇರೂವಾಗನ ಬಸಿದು ತಣ್ಣೀರಾಗ ಜಾಲಾಡ್ರಿ. ಸಾಸಿಗೆ ಎರಡು ಚಮಚ ಸೋಯಾ, ಎರಡು ಚಮಚ ಟೊಮ್ಯಾಟೊ ಸಾಸ್, ಅರ್ಧ ಚಮಚ ಹುಣಸಿ ರಸ, ಚೂರು ಬೆಲ್ಲ, ಮೆಣಸಿನ ಪುಡಿ. ಜಪಾನಿನವ್ರು ಹಾಕೂದು ವೂಸ್ಟರ್ ಜಾತಿಯ ಸಾಸ್. ಇಂಗ್ಲೆಂಡಿನ ಮೂಲ ವೂಸ್ಟರ್ ಸಾಸಿನ್ಯಾಗೂ ಹುಣಸಿಹಣ್ಣು ಅದ, ಅದಕ್ಕ ರುಚಿ ಹತ್ತಿರಕ್ಕ ಬರ್ತದ. ನೂಡಲ್ಸ್ ಮೊದಲು ಒಂದಷ್ಟು ಹೊತ್ತು ಕೈಯಾಡಿಸದ ಕೆಂಪಗ ಆಗ್ಲಿಕ್ಕೆ ಬಿಡ್ರಿ. ಕಾಯಿಪಲ್ಯ, ಸಾಸ್ ಆಮ್ಯಾಲೆ. ಗಡಿಬಿಡಿ ಇಲ್ಲದ ಮಾಡಿದ್ರ ಇಪ್ಪತ್ತೈದು ನಿಮಿಷ ಬೇಕ ಬೇಕು. ಹಂಗ ಹೇಳ್ರಿ, ನಾಚಿಕಿ ಬ್ಯಾಡ.

ಇನ್ನೊಂದು ಮಾತು. ಜಪಾನಿನ ಎಷ್ಟೋ ಮನಿಯಾಗ ಊಟದ ಮೇಜಿನ ಮ್ಯಾಲೆ ಕರೆಂಟಿನ ಅಗಲ ಹಂಚಿಟ್ಟು, ಎಲ್ಲಾರೂ ಸುತ್ತ ಕೂತು ಯಾಕಿಸೋಬಾ ಹುರೀತಾರ. ಅಲ್ಲೂ ಮನಿಗೆಲಸದ ಹೆಚ್ಚಿನ ಭಾರ ಹೆಂಗಸರ ಮ್ಯಾಲೇ ಅದ, ಸುಳ್ಳು ಯಾಕ ಹೇಳ್ಲಿ. ಆದ್ರ ಆ ಹಂಚಿನ ಮುಂದರೆ ನಾಲ್ಕು ಕೈ ಬರ್ತಾವ. ನಮ್ಮಲ್ಲಿ ಆ ಹಂಚು ಬ್ಯಾಡ, ಕೈ ಬಂದ್ರ ಸಾಕು. ವೈನಿ, ಮೌಶಿ, ಇನ್ನ ಮುಂದ ಯಾರರೆ "ಹತ್ತು ನಿಮಿಷದ ಅಡಗಿ ಅಲ್ಲಾ, ಮಾಡು" ಅಂದ್ರ ಒಂದು ಕೋಸು ಅವರ ಕೈಯಾಗ ಕೊಡ್ರಿ. ಗಡಿಯಾರ ಅಲ್ಲಿಂದ ಶುರುವಾಗ್ಲಿ.